ಇಳಿಜಾರಿನಲ್ಲಿ ಇಂಜಿನ್ನಿಗೆ ರಜೆ

ಸಂಜೆ ಆರು ಗಂಟೆ. ಗೆಳೆಯರೇ, ಗೋವಾದ ಡಿಚೋಲಿಯ ನಮ್ಮ ಗ್ಯಾರೇಜಿನಲ್ಲಿ ಇಡೀ ದಿನ ಒಂದೇ ಗಾಡಿಯ ಕೆಲಸ. ಮದುವೆಗಳಿಗೆ ಬಾಡಿಗೆ ಹೋಗುವ, ಎಂಟು ಸಿಲಿಂಡರಿನ ಹಳೆಯ ಕಾರು. ಮೂರೇ ತಿಂಗಳಲ್ಲಿ ಅದರ ಬ್ರೇಕ್ ಲೈನಿಂಗ್ ಸವೆದಿತ್ತು. ಹಾಕಿದ್ದವನು ನನ್ನ ತಮ್ಮ ಈರಣ್ಣ. ಹೋದ ತಿಂಗಳು ತೀರಿಕೊಂಡ.

"ಹೋದವ್ರ ಬಗ್ಗೆ ಅನ್ನಬಾರ್ದು ಕಾಕಾ, ಆದ್ರ ಅವನ ಕೆಲಸ ಚಲೋ ಆಗಿರಲಿಲ್ರಿ," ಎಂದ ಡ್ರೈವರ್ ಮೆಹಬೂಬ.

ಚಕ್ರಗಳ ಬ್ರೇಕ್ ಡ್ರಮ್ ಬಿಚ್ಚಿ ನೋಡಿದೆ. ಎಡಬಲ ಸವೆತ ಒಂದೇ ಸಮ ಇತ್ತು, ಜೋಡಣೆಯಲ್ಲಿ ತಪ್ಪಿರಲಿಲ್ಲ. ಲೈನಿಂಗ್ ಇನ್ನೂ ತುಸು ಉಳಿದಿದ್ದರಿಂದ ಒಂದು ಸುತ್ತು ಹೋಗೋಣವೆಂದು ಅವನ ಪಕ್ಕ ಕುಳಿತೆ. ಇಳಿಜಾರು ಬಂದೊಡನೆ ಅವನು ನ್ಯೂಟ್ರಲ್ ಮಾಡಿ, ಕೆಳಗಿನವರೆಗೂ ಬ್ರೇಕ್ ಒತ್ತಿಯೇ ಹಿಡಿದ.

"ಇದೇನೋ?"

"ವಯಸ್ಸಾದ ಗಾಡಿ ಐತ್ರಿ. ಇಳಿಯೋವಾಗರೆ ಇಂಜಿನ್ನಿಗೆ ಆರಾಮ ಸಿಗಲಿ ಅಂತ."

"ಗೇರಿನಾಗ ಇದ್ರ ಇಂಜಿನ್ ತಡಿಯೋ ಭಾರಾನೂ ಬ್ರೇಕಿನ ಮ್ಯಾಲೆ ಹಾಕಿ, ನನ್ನ ತಮ್ಮನ್ನ ಬೈತೀಯಲ್ಲೋ!"

ಮತ್ತೆ ಮೇಲೆ ಹೋಗಿ ಎರಡನೇ ಗೇರಿನಲ್ಲಿ ಇಳಿದೆವು. ಬ್ರೇಕಿನ ಮೇಲೆ ಅವನ ಕಾಲು ಎರಡೇ ಸಲ ಹೋಯಿತು.

"ತಪ್ಪಾತ್ರಿ ಕಾಕಾ. ಈರಣ್ಣನ ಕೆಲಸ ಚಲೋನ ಇತ್ತು."

ಗೋವಾದಲ್ಲಿ ಇಂಜಿನ್ನಿಗೂ ರಜೆ ಕೊಡುವವರಿದ್ದಾರೆ.

ನಾಳೆ ಹೊಸ ಲೈನಿಂಗ್‌ಗೆ ರಿವೆಟ್ ಹೊಡೆಯಬೇಕು. ಆ ಕೆಲಸ ನನಗೆ ಈರಣ್ಣನಷ್ಟು ಬರುವುದಿಲ್ಲ.