ಬ್ಯಾಟರಿಯ ನಾಡಿ, ಬೀಗರ ಗಾಡಿ

ಕಾರಿನಲ್ಲಿ ಸಿಗರೇಟು ಹಚ್ಚಿಕೊಳ್ಳಲೆಂದು ಕೊಟ್ಟಿರುವ ಪುಟ್ಟ ತೂತನ್ನು ನೀವೂ ಕಂಡಿರಬಹುದು. ಧೂಮಪಾನದ ಗಂಧಗಾಳಿಯಿಲ್ಲದ ನಮ್ಮ ಯಜಮಾನರ ಕಾರಿನಲ್ಲಿ ಅದು ಬಹುಕಾಲ ಬಾಯಿ ತೆರೆದುಕೊಂಡು ಉಪವಾಸ ಬಿದ್ದಿತ್ತು. ನಿವೃತ್ತರಾದ ಮೇಲೆ ಅವರು ಹೆಬ್ಬೆರಳಿನಷ್ಟು ದೊಡ್ಡ ಯಂತ್ರವೊಂದನ್ನು ತಂದು ಅದರೊಳಗೆ ಚುಚ್ಚಿದರು. ಬ್ಯಾಟರಿಯ ವೋಲ್ಟು ಎಷ್ಟೆಂದು ಅದು ಅಂಕಿಯಲ್ಲಿ ತೋರಿಸುತ್ತದೆ. ಬ್ಯಾಟರಿ ಗಟ್ಟಿಯಿದ್ದರೆ ಹಸಿರು ದೀಪ, ಸೊರಗಿದ್ದರೆ ಕೆಂಪು. ಅಂದಿನಿಂದ ಅವರು ರಸ್ತೆ ನೋಡಿ ಕಾರು ಓಡಿಸುವುದನ್ನು ಬಿಟ್ಟು ಅಂಕಿ ನೋಡಿ ಓಡಿಸತೊಡಗಿದರು.

ಆಳಂದದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಾನೂ ನಿವೃತ್ತಳಾದವಳು. ತಿರಸ್ಕಾರಕ್ಕೆ ಬೇಕಾದ ಶಬ್ದಸಂಪತ್ತಿಗೆ ನನ್ನಲ್ಲಿ ಬರವಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದರೂ ನನ್ನ ಮುಖ ನೋಡಿ ಜ್ವರ ಬಂದಿದೆಯೆಂದು ಒಮ್ಮೆಯೂ ಗುರುತಿಸದ ಮಹಾನುಭಾವರು ಲೋಕದ ಬ್ಯಾಟರಿಗಳಿಗೆಲ್ಲ ಧನ್ವಂತರಿಯಾದುದನ್ನು ಕಂಡು ನಾನು ನಗಲೋ ಅಳಲೋ? ಬೇಸಗೆಯ ಉರಿಯಲ್ಲಿ ಕಾರಿನ ಏಸಿ ಹಾಕಿದರೆ 'ವೋಲ್ಟ್ ಇಳೀತದ' ಎಂದು ಆರಿಸುವರು. ಪಕ್ಕದ ಮನೆಯವರು ಜಿಡಗಾ ಮಠಕ್ಕೆ ಹೊರಟು ನಿಂತರೆ, ಅವರ ಕಾರಿಗೂ ನಾಡಿಪರೀಕ್ಷೆ ಮಾಡಿಯೇ ಬೀಳ್ಕೊಡುವರು. ಮೀಟರು ಬಂತು, ಮಿತಿ ಹೋಯಿತು.

ಇದು ನಮ್ಮ ಓಣಿಯ ನಗೆಪಾಟಲಾಗಿಯೇ ಉಳಿದಿದ್ದರೆ ನಿಮ್ಮ ಮುಂದೆ ಹೇಳಬೇಕಾಗಿರಲಿಲ್ಲ. ಜೇವರ್ಗಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನನ್ನ ತಮ್ಮ ಶಿವಶರಣಪ್ಪನ ಮಗಳು ಶ್ರೀದೇವಿಗೆ ಸಂಬಂಧವೊಂದು ಕೂಡಿಬಂತು. ಶ್ರೀದೇವಿ ಅಲ್ಲಿಯೇ ವಕೀಲಿಕೆ ಮಾಡುತ್ತಾಳೆ. ಹುಡುಗ ಅಫಜಲಪುರದ ತೊಗರಿ ವ್ಯಾಪಾರಿಯ ಒಬ್ಬನೇ ಮಗ. ಓದಿದ್ದು ಇಂಜಿನಿಯರಿಂಗ್, ಅದೂ ವಿದ್ಯುತ್ತಿನ ವಿಭಾಗದಲ್ಲಿ. ಅವರು ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಇನ್ನು ನಾವು ಹೋಗಿ ಅವರ ಮನೆ ನೋಡಿ ಬರುವುದೊಂದು ಬಾಕಿಯಿತ್ತು.

ತಮ್ಮ, ನಾನು, ಯಜಮಾನರು ಅಫಜಲಪುರಕ್ಕೆ ಹೋದೆವು. ಅಂಗಳದಲ್ಲಿ ಬೀಗರ ದೊಡ್ಡ ಬಿಳಿ ಕಾರು ಪಟ್ಟದಾನೆಯಂತೆ ನಿಂತಿತ್ತು. ಬೀಗರು ಮನೆಗಿಂತ ಮೊದಲು ಅದನ್ನೇ ತೋರಿಸಿದರು. ಅದರ ಬಣ್ಣ, ಅದರ ಬೆಲೆ, ಅದನ್ನು ಕಂಡು ಊರವರು ಹೊಟ್ಟೆ ಉರಿದುಕೊಂಡ ಪರಿ ಎಲ್ಲವನ್ನೂ ವರ್ಣಿಸಿದರು. ಸುಮ್ಮನೆ ತಲೆಯಾಡಿಸಿದ್ದರೆ ಆಗುತ್ತಿತ್ತು. ನಮ್ಮ ಧನ್ವಂತರಿ ಜೇಬಿನಿಂದ ಯಂತ್ರ ತೆಗೆದು ಚುಚ್ಚಿಯೇಬಿಟ್ಟರು. ಕೆಂಪು ದೀಪ ಹತ್ತಿತು.

"ಬೀಗರ, ಹನ್ನೆರಡರ ಕೆಳಗ ಇಳಿದದ್ರಿ. ಬ್ಯಾಟ್ರಿ ಕೈ ಕೊಡ್ತದ. ಲಗೂನ ತೋರಿಸ್ರಿ," ಎಂದರು.

ಬೀಗರ ಮೀಸೆ ಅದುರಿತು. "ನೀವು ನಮ್ಮ ಹುಡುಗನ್ನ ನೋಡಾಕ ಬಂದೀರೋ, ಗಾಡಿ ನೋಡಾಕ ಬಂದೀರೋ?" ಎನ್ನುತ್ತ ಕೀಲಿ ತಿರುಗಿಸಿದರು. ಕಾರು ಒಂದೇ ಏಟಿಗೆ ಗರ್ಜಿಸಿತು. ಅವರು ನಕ್ಕರು. ಅವರ ಮಗನೂ ನಕ್ಕ. ನನ್ನ ತಮ್ಮ ತಲೆ ತಗ್ಗಿಸಿದ. ಮರಳಿ ಬರುವ ದಾರಿಯುದ್ದಕ್ಕೂ ನಾನು ನನ್ನ ಶಬ್ದಸಂಪತ್ತನ್ನೆಲ್ಲ ಸೂರೆಗೊಟ್ಟೆ. ಯಜಮಾನರು ಅಂಕಿ ನೋಡುತ್ತ ಕಾರು ಓಡಿಸಿದರು.

ನಿಶ್ಚಯದ ದಿನ ಜೇವರ್ಗಿಯ ಮನೆಯಲ್ಲಿ ಹೋಳಿಗೆ ಬೆಂದು, ಜನ ಕೂಡಿ, ಹೊತ್ತು ಏರಿದರೂ ಬೀಗರ ಸುಳಿವಿಲ್ಲ. ಕೊನೆಗೆ ಬಂದರು, ಬಾಡಿಗೆಯ ಜೀಪಿನಲ್ಲಿ, ಬೆವರಿನಲ್ಲಿ, ಸಿಟ್ಟಿನಲ್ಲಿ. ಪಟ್ಟದಾನೆ ಬೆಳಿಗ್ಗೆ ಅಂಗಳದಿಂದ ಕದಲಿರಲಿಲ್ಲ. ಎಷ್ಟು ಸಲ ಕೀಲಿ ತಿರುಗಿಸಿದರೂ ಟಿಕ್ ಟಿಕ್ ಎಂದು ಸತ್ತುಹೋಗಿತ್ತು.

ಆಗ ಬೀಗರು ಬ್ಯಾಟರಿಯವನನ್ನು ಬೈಯಬಹುದಿತ್ತು, ತಮ್ಮದೇ ಉದಾಸೀನವನ್ನು ಬೈದುಕೊಳ್ಳಬಹುದಿತ್ತು. ಅದು ಬಿಟ್ಟು ಚಾಪೆಯ ಮೇಲೆ ಕೂಡುವ ಮೊದಲೇ ನಮ್ಮ ಯಜಮಾನರತ್ತ ಬೆರಳು ತೋರಿಸಿ, "ಚಲೋ ಇದ್ದ ಗಾಡಿರೀ ಅದು! ಇವ್ರು ಅವತ್ತ ನೋಡಿದ್ದೇ ನೋಡಿದ್ದು, ಕಣ್ಣ ಬಿತ್ತು. ಶುಭ ಕಾರ್ಯ ಅದ, ಇವ್ರು ಎದುರಿಗಿ ಕೂಡೋದು ಬ್ಯಾಡ," ಎಂದರು.

ಕೆಡುಕನ್ನು ಮುಂಚೆಯೇ ಕಂಡು ಹೇಳಿದವನ ಕಣ್ಣಿಂದಲೇ ಕೆಡುಕಾಯಿತೆನ್ನುವ ಇಂಥ ತರ್ಕವನ್ನು ನಾನು ಯಾವ ಶಾಸ್ತ್ರಗ್ರಂಥದಲ್ಲೂ ಓದಿಲ್ಲ. ಆದರೂ ಯಜಮಾನರು, ಮದುವೆ ಕೆಡಬಾರದೆಂದು, ಧೋತರದ ಚುಂಗು ಹಿಡಿದು ಎದ್ದು ಒಳಕೋಣೆಗೆ ನಡೆದರು. ಅವರ ಬೆನ್ನು ಅಷ್ಟು ಬಾಗಿದ್ದನ್ನು ನಾನು ನೋಡಿರಲಿಲ್ಲ. ಇಷ್ಟು ದಿನ ಅವರನ್ನು ಹಂಗಿಸುವ ಹಕ್ಕು ನನ್ನೊಬ್ಬಳದೇ ಎಂದುಕೊಂಡಿದ್ದೆ; ಬೇರೆಯವರು ಅದಕ್ಕೆ ಕೈ ಹಾಕಿದಾಗ ಶಬ್ದಸಂಪತ್ತಿನ ಹೆಮ್ಮೆಯವಳಿಗೆ ಒಂದು ಶಬ್ದವೂ ಹೊರಡಲಿಲ್ಲ.

ಮಾತನಾಡಿದವಳು ಶ್ರೀದೇವಿ. ಹೊಸ ಸೀರೆಯ ಸೆರಗು ಸರಿಪಡಿಸಿಕೊಂಡು ನೇರ ಹುಡುಗನನ್ನೇ ಕೇಳಿದಳು. "ನೀವು ಇದನ್ನ ಓದೀರಿ. ಬ್ಯಾಟ್ರಿ ಕಣ್ಣಿಗಿ ಕೆಡ್ತದೇನ್ರಿ?"

ಹುಡುಗ ಅಪ್ಪನ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಹಿರ್ಯಾರು ಹೇಳ್ತಾರಂದ್ರ... ಇರಬಹುದ್ರಿ," ಎಂದ.

ನಾಲ್ಕು ವರ್ಷ ವಿದ್ಯುತ್ತಿನ ವಿದ್ಯೆ ಕಲಿತವನ ಬಾಯಿಂದ ಹೊರಟ ಬೆಳಕು ಇಷ್ಟೇ. ಶ್ರೀದೇವಿ ನಗಲಿಲ್ಲ, ದನಿ ಏರಿಸಲಿಲ್ಲ. ತಂದೆಯ ಕಡೆ ತಿರುಗಿದಳು.

"ಅಪ್ಪಾ, ಗಾಡಿ ಕೆಟ್ಟಿದ್ದಕ್ಕ ಇವತ್ತ ಮಾಮಾನ ಕಣ್ಣು. ನಾಳಿ ಆ ಮನ್ಯಾಗ ಏನರ ಕೆಟ್ಟರ, ನನ್ನ ಕಾಲ್ಗುಣ. ನಾ ಒಲ್ಲೆ."

ಈ ಸಂಬಂಧಕ್ಕಾಗಿ ನನ್ನ ತಮ್ಮ ಎಷ್ಟು ಆಸೆ ಪಟ್ಟಿದ್ದನೋ ನನಗೆ ಗೊತ್ತು. ಅಫಜಲಪುರದಲ್ಲಿ ಅಂದು ತಲೆ ತಗ್ಗಿಸಿದ ಹಾಗೆಯೇ ಈಗಲೂ ತಗ್ಗಿಸಿಯಾನೆಂದು ನಾನು ಅಂಜಿದೆ. ಅವನು ಮಗಳನ್ನೊಮ್ಮೆ ನೋಡಿದ. ಆಮೇಲೆ ಬೀಗರ ಮುಂದಿದ್ದ ಎಲೆ ಅಡಿಕೆಯ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

ಬೀಗರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ನಡು ಮಂದ್ಯಾಗ ಹಿಂಗ ಮಾಡಿದ್ರ ಹ್ಯಾಂಗ್ರಿ? ಊರಾಗ ಕೇಳಿದ್ರ ನಾ ಏನು ಕಾರಣ ಹೇಳಲಿ?" ಎಂದು ಕೂಗಿದರು.

"ಕಣ್ಣ ಬಿತ್ತು ಅಂತ ಹೇಳ್ರಿ," ಎಂದ ನನ್ನ ತಮ್ಮ, ಕೈ ಮುಗಿದು. "ನಿಮ್ಮ ಮಂದಿ ನಂಬ್ತಾರ."

ಜೀಪು ಹೊರಟುಹೋಯಿತು. ಹೋಳಿಗೆಯನ್ನು ಮನೆಯವರೇ ಉಂಡೆವು. ಒಳಕೋಣೆಯಲ್ಲಿ ಒಬ್ಬರೇ ಕೂತಿದ್ದವರ ಕೈ ಹಿಡಿದು ಕರೆತಂದು, ಪಡಸಾಲೆಯ ನಟ್ಟನಡುವೆ, ಎಲ್ಲರ ಎದುರಿಗೇ ಕೂರಿಸಿ, ಮೊದಲ ಹೋಳಿಗೆ ಬಡಿಸಿದವಳು ಶ್ರೀದೇವಿ.