ಕಾಯಿ ಮೊದಲೋ, ನಿಂಬೆಹಣ್ಣು ಮೊದಲೋ

ಬಸ್ಸು ನಿಂತರೂ ಮೈ ನಿಲ್ಲುವುದಿಲ್ಲ. ಈ ಮಾತನ್ನು ನಾನು ದಿನಾ ಹೇಳುತ್ತೇನೆ, ದಿನಾ ಯಾರೂ ಕೇಳುವುದಿಲ್ಲ. ಪಾವಗಡದಿಂದ ಮಧುಗಿರಿ, ಕೊರಟಗೆರೆ ಹಾದು ತುಮಕೂರಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್ ನಾನು. "ಕಂಬಿ ಹಿಡ್ಕೊಳ್ರೀ, ಬ್ರೇಕ್ ಹಾಕಿದ್ರೆ ಮುಗ್ಗರಿಸ್ತೀರಾ" ಎಂದು ಗಂಟಲು ಹರಿದುಕೊಂಡರೆ, "ನಾವೇನ್ ಇವತ್ತೇ ಬಸ್ ಹತ್ತಿದೀವಾ ತಾಯಿ?" ಎನ್ನುತ್ತಾರೆ. ಆಮೇಲೆ ಕುರಿ ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದಾಗ ಒಬ್ಬರ ಮೇಲೊಬ್ಬರು ಬಿದ್ದು ನನ್ನನ್ನೇ ಬೈಯುತ್ತಾರೆ. ಬಸ್ಸಿನ ಜೊತೆ ಓಡುತ್ತಿದ್ದ ಮೈ, ಬಸ್ಸು ನಿಂತ ಮೇಲೂ ಓಡುವುದಕ್ಕೇ ನೋಡುತ್ತದೆ. ಕಾಲು ನಿಂತುಬಿಡುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ. ಅದಕ್ಕೆ ಜಡತ್ವ ಎನ್ನುತ್ತಾರೆ. ಆ ಪದ ಕಲಿಸಿದ ಮೇಷ್ಟ್ರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ವೈ.ಎನ್.ಹೊಸಕೋಟೆ ಹತ್ತಿರದ ಹಳ್ಳಿ ನಮ್ಮದು. ಮಳೆ ನಂಬಿಕೊಂಡು ಕಡಲೆಕಾಯಿ ಬಿತ್ತುವ ಊರು. ನಾನು ಒಂಬತ್ತನೇ ಕ್ಲಾಸಿಗೆ ಬರುವಾಗ ಹೈಸ್ಕೂಲಿಗೆ ಒಬ್ಬ ವಿಜ್ಞಾನದ ಮೇಷ್ಟ್ರು ಬಂದರು. ಅವರ ಊರು ಕೊರಟಗೆರೆ ಕಡೆ ಕೊಳಾಲ. ಹೆಂಡತಿ ಮಕ್ಕಳು ಅಲ್ಲಿ, ಅವರು ಇಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಓಡುವ ಅವರನ್ನು ನೋಡಿ ನಾವೆಲ್ಲ ನಗುತ್ತಿದ್ದೆವು. ಆದರೆ ಪಾಠ ಅಂದರೆ ಪಾಠ ಕಣ್ರೀ! ಪುಸ್ತಕ ಮುಚ್ಚಿಸಿ ನಮ್ಮನ್ನು ಹೊರಗೆ ಕರೆದೊಯ್ಯುತ್ತಿದ್ದರು. ಕಡಲೆಕಾಯಿ ಮೂಟೆ ಇಟ್ಟು ತಳ್ಳಿ ಎನ್ನುತ್ತಿದ್ದರು. ನಿಂತ ಮೂಟೆ ಕದಲಿಸಲು ಜೀವ ಬಾಯಿಗೆ ಬರುತ್ತಿತ್ತು, ಒಂದು ಸಲ ಜರುಗಿತೆಂದರೆ ಆಮೇಲೆ ಅಷ್ಟು ಕಷ್ಟವಿರಲಿಲ್ಲ. "ನೋಡಿ, ನೆಲಕ್ಕೂ ಮೂಟೆಗೂ ಇರೋ ಘರ್ಷಣೆ ಇದು. ಈಗ ಕೈಗೆ ಗೊತ್ತಾಯ್ತಲ್ಲ, ಇನ್ನು ಮರೆಯಲ್ಲ" ಎನ್ನುತ್ತಿದ್ದರು. ನಿಜ, ನಾನಂತೂ ಮರೆತಿಲ್ಲ.

ಒಂದು ದಿನ ಸುಲಿದ ತೆಂಗಿನಕಾಯಿ ಮತ್ತು ಒಂದು ನಿಂಬೆಹಣ್ಣು ಹಿಡಿದು ಕ್ಲಾಸಿಗೆ ಬಂದರು. "ಎರಡನ್ನೂ ಒಟ್ಟಿಗೆ ಕೈಬಿಟ್ರೆ ಯಾವ್ದು ಮೊದ್ಲು ನೆಲ ಮುಟ್ತದೆ?"

"ಕಾಯಿ ಸಾರ್!" ಇಡೀ ಕ್ಲಾಸು ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಕೂಗದೆ ಇನ್ನೇನು? ನಾವೆಲ್ಲ ಕಣದಲ್ಲಿ ಬೆಳೆದ ಮಕ್ಕಳು. ಅಪ್ಪ ಎತ್ತರದ ಮಣೆ ಮೇಲೆ ನಿಂತು ಮೊರದಿಂದ ಕಡಲೆಕಾಯಿ ತೂರಿದರೆ ಗಟ್ಟಿ ಕಾಯಿ ನೆಟ್ಟಗೆ ಕೆಳಗೆ ಬೀಳುತ್ತದೆ, ಜೊಳ್ಳು ಮೆಲ್ಲಗೆ ಹಾರಿ ಆಚೆ ಹೋಗುತ್ತದೆ. ಭಾರದ್ದು ಬೇಗ, ಹಗುರದ್ದು ತಡ. ಅದಕ್ಕೆ ಯಾವ ಮೇಷ್ಟ್ರೂ ಬೇಕಿರಲಿಲ್ಲ.

ಸಾರ್ ನಕ್ಕು, ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿ, ತಾವು ಸ್ಕೂಲಿನ ತಾರಸಿ ಹತ್ತಿದರು. "ಕಣ್ಣು ಮುಚ್ಕೊಳ್ರಿ. ಎಷ್ಟು ಸದ್ದು ಕೇಳ್ತು ಅಂತ ಮಾತ್ರ ಹೇಳಿ." ನಾವು ಕಣ್ಣು ಮುಚ್ಚಿದೆವು. ದಡ್ ಎಂದು ಒಂದೇ ಸದ್ದು. ಇನ್ನೊಂದು ಸಲ ಬಿಟ್ಟರು. ಒಂದೇ ಸದ್ದು. ನಾವು ಒಪ್ಪಲಿಲ್ಲ, ಮತ್ತೆ ಮತ್ತೆ ಬಿಡಿಸಿದೆವು. ಕಡೆಗೆ ಕಾಯಿ ಒಡೆದುಹೋಯಿತು. ಎಲ್ಲರೂ ಒಂದೊಂದು ಚೂರು ತಿಂದೆವು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. "ಮತ್ತೆ ಕಣದಾಗೆ ಜೊಳ್ಳು ಯಾಕ್ ಸಾರ್ ಹಾರೋಯ್ತದೆ?" ಎಂದು ಜಗಳಕ್ಕೇ ನಿಂತೆ. ಬೇರೆಯವರಾಗಿದ್ದರೆ ಕೂತ್ಕೊಳೇ ಎನ್ನುತ್ತಿದ್ದರು. ಅವರ ಮುಖ ಅರಳಿತು. ಒಂದು ಹಾಳೆ ಹರಿದು ಕೈಬಿಟ್ಟರು, ತೇಲಾಡುತ್ತಾ ಬಿತ್ತು. ಅದೇ ಹಾಳೆಯನ್ನು ಮುದುಡಿ ಉಂಡೆ ಮಾಡಿ ಬಿಟ್ಟರು, ಪಟ್ಟನೆ ಬಿತ್ತು. "ತೂಕ ಅದೇ ತಾನೇ? ಅಡ್ಡ ಬಂದದ್ದು ಗಾಳಿ ಕಣಮ್ಮ. ಜೊಳ್ಳಿಗೂ ಅಷ್ಟೇ, ಗಾಳಿ ಹೊತ್ಕೊಂಡು ಹೋಗ್ತದೆ." ಹಾಗಾದರೆ ಭಾರದ್ದನ್ನು ಭೂಮಿ ಜಾಸ್ತಿ ಎಳೆಯುವುದಿಲ್ಲವಾ ಎಂದೆ. "ಎಳೀತದೆ. ಆದ್ರೆ ಭಾರದ್ದನ್ನ ಕದಲಿಸೋದೂ ಅಷ್ಟೇ ಕಷ್ಟ ಅಲ್ವಾ? ತುಂಬಿದ ಗಾಡಿಗೆ ಎರಡೆತ್ತು, ಅದರರ್ಧ ಭಾರದ ಗಾಡಿಗೆ ಒಂದೆತ್ತು ಕಟ್ಟಿದ್ರೆ ಎರಡೂ ಗಾಡಿ ಜೊತೇಲೇ ಹೋಗ್ತವೆ. ಹಂಗೆ."

ಅವತ್ತೇ ನಾನು ತೀರ್ಮಾನ ಮಾಡಿಬಿಟ್ಟೆ. ಆಗುವುದಾದರೆ ವಿಜ್ಞಾನದ ಟೀಚರ್ ಆಗಬೇಕು, ಇವರ ಹಾಗೆಯೇ ಆಗಬೇಕು.

ಮನೆಗೆ ಹೋಗಿ ಕಣದಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಮೊರ ಕೆಳಗಿಟ್ಟು ನಕ್ಕರು. "ನಿಮ್ ಮೇಷ್ಟ್ರು ಯಾವತ್ತಾದ್ರೂ ಕಣ ತುಳ್ದವ್ರೇನಮ್ಮಾ?" ಭಾರದ್ದು ಮೊದಲು ಬೀಳದೆ ಇರುತ್ತದೇನೇ ಎಂದು ಅಜ್ಜಿ ತನ್ನ ತೆಲುಗಿನಲ್ಲಿ ರಾಗ ತೆಗೆದಳು: "ಏಮೇ, ಬರುವುಂಡೇದಿ ಮುಂದು ಪಡದಾ?" ನಾನು ಕಾಲು ಅಪ್ಪಳಿಸಿ ಒಳಗೆ ಹೋದೆ.

ಅದೇ ಸುಗ್ಗಿಯಲ್ಲಿ ಪಾವಗಡದಲ್ಲಿ ತಾಲ್ಲೂಕು ಮಟ್ಟದ ವಿಜ್ಞಾನ ಸ್ಪರ್ಧೆ. ಸಾರ್ ನನ್ನನ್ನೇ ಆರಿಸಿದರು. ಕಡಲೆಕಾಯಿ ಕೀಳುವ ಕಾಲ, ಒಂದಾಳು ಕಡಿಮೆಯಾದರೆ ಅಪ್ಪನಿಗೆ ಸಿಟ್ಟು. ಸಾರ್ ತಾವೇ ಕಣಕ್ಕೆ ಬಂದು ನಿಂತರು.

"ಯಜಮಾನ್ರೇ, ಹುಡುಗೀನ ಕಳ್ಸಿಕೊಡಿ. ನಾನ್ ಜೊತೇಲಿರ್ತೀನಿ. ಗೆದ್ದೇ ಬರ್ತಾಳೆ."

ಅಪ್ಪ ತಲೆ ಕೆರೆದುಕೊಂಡರು. "ನಿಮ್ಮನ್ ನಂಬಿ ಕಳುಸ್ತೀನಿ ಮೇಷ್ಟ್ರೇ. ಈ ಕಾಯಿ ನಿಂಬೆಹಣ್ಣಿಂದು ನಂಗಂತೂ ಒಪ್ಗೆ ಇಲ್ಲ. ತಿಳ್ದೋರು ಸರಿ ಅಂದ್ರೆ ಸರಿ. ಗೆದ್ದು ಬರ್ಲಿ, ಹತ್ತು ಮುಗುದ್ ಮ್ಯಾಲೆ ಮಧುಗಿರೀಲಿ ಹಾಸ್ಟೆಲ್ಗಾಕಿ ಸೈನ್ಸೇ ಓದುಸ್ತೀನಿ. ಇಲ್ದಿದ್ರೆ ಇಲ್ಲೇ ಹೊಸಕೋಟೇಲಿ ಆರ್ಟ್ಸು." ಸಾರ್ ನನ್ನ ತಲೆ ಮೇಲೆ ಕೈಯಿಟ್ಟು, "ಆಯ್ತು, ನನ್ ಜವಾಬ್ದಾರಿ" ಎಂದರು. ನನಗೆ ಮಧುಗಿರಿ ಬೆಟ್ಟ ಆಗಲೇ ಕಣ್ಣಿಗೆ ಕಟ್ಟಿತು.

ಸ್ಪರ್ಧೆಯ ದಿನ ಹಾಲ್ ತುಂಬಾ ಮಕ್ಕಳು, ಮೇಷ್ಟ್ರುಗಳು. ತೀರ್ಪು ಕೊಡಲು ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಸಾರ್ ಅವರಿಗೆ ಬೆಳಿಗ್ಗೆಯಿಂದ ನೀರು, ಟೀ ಕೊಡುತ್ತಾ ಹಿಂದೆಯೇ ಸುತ್ತುತ್ತಿದ್ದರು. ನನಗೆ ಅದರಲ್ಲಿ ಏನೂ ತೋರಲಿಲ್ಲ. ನನ್ನ ಸರದಿ ಬಂದಾಗ ಮೇಜಿನ ಮೇಲೆ ಬೆಂಚಿಟ್ಟು ಹತ್ತಿ, ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, ಕಾಯಿ ನಿಂಬೆಹಣ್ಣು ಬಿಟ್ಟೆ. ಒಂದೇ ಸದ್ದು. ಮಕ್ಕಳು ಚಪ್ಪಾಳೆ ತಟ್ಟಿದರು.

ಅಧಿಕಾರಿ ಎದ್ದು ಬಂದರು. "ಏನಮ್ಮಾ, ಭಾರದ್ದೂ ಹಗುರದ್ದೂ ಒಟ್ಟಿಗೆ ಬೀಳ್ತವೆ ಅಂತೀಯಾ? ನಾನೂ ಕಡ್ಲೆಕಾಯಿ ತೂರಿ ಬೆಳೆದೋನೇ ಕಣಮ್ಮಾ. ನಮಗೆ ಗೊತ್ತಿಲ್ವಾ?" ಯಾರನ್ನೋ ಕಳಿಸಿ ಒಂದು ಹಿಡಿ ಕಡಲೆಕಾಯಿಯ ಒಣ ಸಿಪ್ಪೆ ತರಿಸಿದರು. ಒಂದು ಕೈಯಲ್ಲಿ ಸಿಪ್ಪೆ, ಇನ್ನೊಂದರಲ್ಲಿ ನನ್ನ ಕಾಯಿ, ಎರಡನ್ನೂ ಬಿಟ್ಟರು. ಫ್ಯಾನ್ ಗಾಳಿಗೆ ಸಿಪ್ಪೆ ಅತ್ತ ಹೋಯಿತು, ಕಾಯಿ ದಡ್ ಎಂದಿತು. "ಈಗ ಹೇಳು, ಯಾವ್ದು ಮೊದ್ಲು?" ಇಡೀ ಹಾಲ್ ನಕ್ಕಿತು. ಅಲ್ಲಿ ಕೂತವರೆಲ್ಲ ತೂರಿದವರೇ, ಯಾರಿಗೂ ಅನುಮಾನ ಬರಲಿಲ್ಲ.

"ಅದು ಗಾಳಿ ಸಾರ್..." ಎಂದೆ. ಮುದುಡಲೆಂದು ಹಾಳೆ ಕೈಗೆತ್ತಿಕೊಂಡಿದ್ದೆ. "ಹೆದರಿಕೆ ಅನ್ನೋದೇ ಇಲ್ವಲ್ಲ ಇವ್ಳಿಗೆ. ಯಾರು ಇವ್ಳ ಮೇಷ್ಟ್ರು? ಇಂಥದ್ದನ್ನ ಹೇಳ್ಕೊಡ್ತೀರೇನ್ರೀ?" ಎಂದು ಅವರು ತಿರುಗಿದರು.

ನಾನು ಸಾರ್ ಕಡೆ ನೋಡಿದೆ. ನನಗೆ ಒಂದಿಷ್ಟೂ ಭಯವಿರಲಿಲ್ಲ. ಸಾರ್ ಎದ್ದು ಗಾಡಿ, ಎತ್ತು, ಹಾಳೆ ಎಲ್ಲ ಹೇಳುತ್ತಾರೆ, ಆಮೇಲೆ ಈ ಮನುಷ್ಯನ ಮುಖ ಹೆಂಗಾಗ್ತದೋ ನೋಡೋಣ ಎಂದು ಒಳಗೊಳಗೇ ಖುಷಿಪಡುತ್ತಿದ್ದೆ.

ಸಾರ್ ಎದ್ದರು. ಕೈ ಕಟ್ಟಿಕೊಂಡರು. "ಇಲ್ಲ ಸಾರ್. ನಾನ್ ಹಾಗೆ ಹೇಳ್ಕೊಟ್ಟಿಲ್ಲ. ಹುಡುಗಿ ಸ್ವಲ್ಪ ಮೊಂಡು. ತಾನೇ ಏನೋ ಕಲ್ಪನೆ ಮಾಡ್ಕೊಂಡು ಬಂದಿದಾಳೆ."

ಅಯ್ಯೋ ದೇವರೇ! ಆ ಮೇಜಿನಿಂದ ಹೇಗೆ ಇಳಿದೆನೋ ನನಗೆ ಗೊತ್ತಿಲ್ಲ. ನಿಂಬೆಹಣ್ಣು ಯಾರದೋ ಕಾಲಿಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ನಮ್ಮೂರಿನ ಇನ್ನಿಬ್ಬರು ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ವಾಪಸ್ ಬರುವ ಬಸ್ಸಿನಲ್ಲಿ ಸಾರ್ ನನ್ನ ಪಕ್ಕ ಬಂದು ಕೂತರು. ಸುತ್ತ ನೋಡಿ, ದನಿ ತಗ್ಗಿಸಿ, "ನೀನು ಹೇಳಿದ್ದೇ ಸರಿ ಕಣಮ್ಮ" ಎಂದರು. ಆ ಒಂದು ಮಾತಿಗೆ ನನಗೆ ಅಳು ಉಕ್ಕಿ ಬಂತು. ಅಲ್ಲಿ ಎಲ್ಲರ ಎದುರು ಬಾರದ ಅಳು. ಸರಿ ಅಂತ ಗೊತ್ತಿದ್ದೂ ಹಾಗೆ ಅಂದರಲ್ಲ! "ನನ್ನ ವರ್ಗಾವಣೆ ಫೈಲು ಅವರ ಟೇಬಲ್ ಮೇಲಿದೆ. ಎದುರು ಮಾತಾಡೋಕಾಗಲ್ಲ. ದೊಡ್ಡೋಳಾದ್ರೆ ಅರ್ಥ ಆಗ್ತದೆ" ಎಂದರು. ದೊಡ್ಡವಳಾಗಿದ್ದೇನೆ. ಅರ್ಥವೂ ಆಗಿದೆ. ಉರಿ ಮಾತ್ರ ಹೋಗಿಲ್ಲ.

"ಬುಡಿ ಸಾರ್, ಅವ್ರಿಗೇನೂ ಹೇಳ್ಬ್ಯಾಡಿ. ನಮ್ಮಪ್ಪಂಗೆ ಒಂದ್ ಮಾತು ಹೇಳಿ, ನಾನ್ ಹೇಳಿದ್ದು ಸುಳ್ಳಲ್ಲ ಅಂತ. ಅಷ್ಟೇ ಸಾಕು" ಎಂದು ಕೇಳಿಕೊಂಡೆ.

"ನಾಳೇನೇ ಬಂದು ಹೇಳ್ತೀನಿ" ಎಂದರು.

ನಾಳೆ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ನಾನು ಕಣದಲ್ಲಿ ಜೊಳ್ಳು ಗುಡಿಸುತ್ತಾ ದಾರಿ ಕಡೆಯೇ ನೋಡುತ್ತಿದ್ದೆ. ಸ್ಕೂಲಿನಲ್ಲಿ ನನ್ನನ್ನು ಕಂಡರೆ ಬೇರೆ ಕಡೆ ತಿರುಗುತ್ತಿದ್ದರು. ಕೊಳಾಲದ ಹತ್ತಿರಕ್ಕೆ ವರ್ಗವಾಗಿ ಒಂದು ಶನಿವಾರ ಹೋದವರು ಸೋಮವಾರ ಬರಲೇ ಇಲ್ಲ.

ಅಷ್ಟರಲ್ಲಿ ಊರ ಮಕ್ಕಳ ಬಾಯಿಂದ ಎಲ್ಲ ಅಪ್ಪನ ಕಿವಿಗೆ ಬಿದ್ದಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಜಗಳವಾಡುತ್ತಿದ್ದೆ. "ನಿಮ್ ಮೇಷ್ಟ್ರೇ ನಾನ್ ಹೇಳ್ಕೊಟ್ಟಿಲ್ಲ ಅಂದ್ರಂತಲ್ಲಮ್ಮಾ. ಇಲ್ದಿದ್ನೆಲ್ಲ ಯಾಕ್ ಹುಟ್ಟುಸ್ಕೊಂಡೆ? ಬುಡು, ಸೈನ್ಸು ನಿನ್ ತಲೆಗತ್ತಲ್ಲ" ಎಂದು ಬೆನ್ನು ಸವರಿದರು. ನಾನು ಮಣೆ ಹತ್ತಿ ಕಾಯಿ ನಿಂಬೆಹಣ್ಣು ಬಿಟ್ಟು ತೋರಿಸಿದೆ. ಅಪ್ಪ ನೋಡಿದರು. "ಊಂ, ಕೈಚಳಕ" ಎಂದು ನಕ್ಕು ಎದ್ದುಹೋದರು. ಹೊಸಕೋಟೆಯಲ್ಲಿ ಆರ್ಟ್ಸ್ ಓದಿದೆ. ಕಂಡಕ್ಟರ್ ಪರೀಕ್ಷೆ ಬರೆದೆ, ಕೆಲಸ ಸಿಕ್ಕಿತು. ಈ ಕೆಲಸದ ಮೇಲೆ ನನಗೆ ಬೇಸರವಿಲ್ಲ. ಆದರೆ ಮಧುಗಿರಿ ಸ್ಟ್ಯಾಂಡಿನಲ್ಲಿ ಸೈನ್ಸ್ ಕಾಲೇಜಿನ ಹುಡುಗಿಯರು ರೆಕಾರ್ಡ್ ಪುಸ್ತಕ ಅವುಚಿಕೊಂಡು ಹತ್ತುವಾಗ ನಾನು ಸುಮ್ಮನೆ ಕಿಟಕಿ ಕಡೆ ತಿರುಗುತ್ತೇನೆ.

ಹೋದ ತಿಂಗಳು ಅದೇ ಸ್ಟ್ಯಾಂಡಿನಲ್ಲಿ ಒಬ್ಬರು ವಯಸ್ಸಾದವರು ಬಸ್ಸು ಹತ್ತಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಶನಿವಾರದ ನಡಿಗೆಯೇ. ಬಸ್ಸು ತುಂಬಿತ್ತು, ನಿಂತೇ ಇದ್ದರು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಊರು ದಾಟುವ ಮುಂಚೆ ಆಟೋ ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ, ಅವರು ಮುಂದಕ್ಕೆ ಮುಗ್ಗರಿಸಿದರು. ನಾನು ರಟ್ಟೆ ಹಿಡಿದು ನಿಲ್ಲಿಸಿದೆ. ಬಾಯಿಯ ಅಭ್ಯಾಸ, "ಜಡತ್ವ ಸಾರ್, ಕಂಬಿ ಹಿಡ್ಕೊಳಿ" ಎಂದುಬಿಟ್ಟೆ.

ಅವರು ಮುಖ ದಿಟ್ಟಿಸಿದರು. "ಅರೆ! ನೀನು ಹೊಸಕೋಟೆ ಕಡೇ ಹುಡುಗಿ ಅಲ್ವೇನಮ್ಮಾ?" ಎಂದು ಹಿಗ್ಗಿ, ಪಕ್ಕದ ಸೀಟಿನವರಿಗೆ, "ನನ್ ಶಿಷ್ಯೆ ಇವ್ಳು! ಭಾಳ ಚುರುಕು. ಜಡತ್ವ, ಗುರುತ್ವ ಎಲ್ಲಾ ನಾನೇ ಹೇಳ್ಕೊಟ್ಟಿದ್ದು" ಎಂದರು.

"ಇಲ್ಲ ಸಾರ್" ಎಂದೆ. ನನ್ನ ದನಿ ಏರಿತ್ತು, ಮುಂದಿನವರೆಲ್ಲ ತಿರುಗಿದರು. "ನೀವು ಹೇಳ್ಕೊಟ್ಟಿಲ್ಲ. ಪಾವಗಡದಲ್ಲಿ ಎಲ್ಲರ ಮುಂದೆ ನೀವೇ ಹೇಳಿದ್ರಲ್ಲ."

ಅವರ ಮುಖದ ನಗು ಹೋಯಿತು. ಈ ಮಾತು ಆಡಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಆಗಲಿಲ್ಲ. ಅವರು ನನ್ನ ಕಡೆ ಬಾಗಿ, "ನಿಮ್ಮಪ್ಪಂಗೆ ಹೇಳ್ತೀನಿ ಅಂದಿದ್ದೆ, ಅಲ್ವಾ?" ಎಂದರು. "ಈಗ ಊರಲ್ಲೇ ಇದಾರಾ? ನಾನೇ ಬಂದು..."

"ಅಪ್ಪ ತೀರ್ಕೊಂಡ್ರು ಸಾರ್. ಕಾಯಿನೇ ಮೊದ್ಲು ಬೀಳೋದು ಅಂತ್ಲೇ ನಂಬ್ಕೊಂಡು ಹೋದ್ರು."

ಕೊರಟಗೆರೆ ಬಂತು. ಅವರು ಇಳಿದು, ಕಿಟಕಿಯ ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಬಾಗಿಲು ಎಳೆದುಕೊಂಡು ಸೀಟಿ ಊದಿದೆ.