ಮುಳುಗಿದ ಕಂಪನಿ ಮತ್ತು ನನ್ನ ಸಂಶಯ

ನಾನು ಸಂಶಯದ ಪ್ರಾಣಿ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸದೆ ಕೊಳ್ಳುವವನಲ್ಲ. ಹಾಕಿದ ಬೀಗವನ್ನು ಮೂರು ಸಲ ಜಗ್ಗದೆ ಮನೆ ಬಿಡುವವನಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ಪರೀಕ್ಷೆಯ ಕೋಣೆ ಕಾದವನಿಗೆ ಈ ಗುಣ ಬಾರದಿದ್ದರೇ ಆಶ್ಚರ್ಯ. ಇಂಥ ನಾನು ಪೂರ್ತಿ ನಂಬಿದ್ದು ಒಂದನ್ನೇ, ನನ್ನ ಬಟನ್ ಫೋನನ್ನು.

ಅದನ್ನು ಮಾಡಿದ ಕಂಪನಿ ಒಂದು ಕಾಲಕ್ಕೆ ಚಕ್ರವರ್ತಿ. ಗಂಗಾವತಿ ಬಜಾರಿನಲ್ಲಿ ಮೊಬೈಲ್ ಅಂಗಡಿಗಿರಲಿ, ಕಿರಾಣಿ ಅಂಗಡಿಗೂ ಅದರದೇ ಬೋರ್ಡು. ನೋಡನೋಡುತ್ತ ಬೋರ್ಡುಗಳೆಲ್ಲ ಇಳಿದವು. ಹಳೆಯ ರಾಜಧಾನಿ ಆನೆಗೊಂದಿಯ ಬಗಲಲ್ಲೇ ಬದುಕುವ ನಮಗೆ ಸಾಮ್ರಾಜ್ಯ ಬೀಳುವುದು ಹೊಸ ಸುದ್ದಿಯೇನಲ್ಲ. ಆದರೂ ಇಷ್ಟು ಬೇಗ ಬಿದ್ದರೆ ಸಂಶಯ ಬಾರದೇ? ಬ್ಯಾಟರಿ ಉಬ್ಬಿದಾಗ ರಿಪೇರಿ ಅಂಗಡಿಗೆ ಹೋದೆ. ಗಾಜಿನ ಕಪಾಟಿನಲ್ಲಿ ಅದೇ ಹೆಸರಿನ ಹೊಸ ಫೋನು ಕೂತಿತ್ತು. “ಹೆಸರಷ್ಟ ಅದರದ್ರಿ ಮಾಸ್ತರ, ಮಾಡಾವ್ರು ಬ್ಯಾರೆ ಅದಾರ,” ಎಂದ ಅಂಗಡಿಯವ. ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು. ಸತ್ತ ಆನೆಯ ಸವಾರಿ ಬೇಡವೆಂದು ಟಚ್ ಫೋನು ತಂದೆ.

ತಂದೆನೇ ಹೊರತು ನಂಬಲಿಲ್ಲ. ಮೊದಲ ದಿನವೇ ಅದು ನನ್ನ ಪರಿಚಯದವರ ಹೆಸರು ನೋಡಲು ಪರವಾನಗಿ ಕೇಳಿತು. ನನ್ನ ಬೀಗರ ಉಸಾಬರಿ ಇದಕ್ಕೇಕೆ? ಒಂದು ಹೆಸರನ್ನೂ ಅದರಲ್ಲಿ ತುಂಬದೆ, ಎಲ್ಲ ನಂಬರುಗಳನ್ನು ಹಳೆಯ ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಸಿದ್ದಾಪುರದ ಹತ್ತಿರ ನನ್ನದೊಂದು ತುಂಡು ಗದ್ದೆಯಿದೆ. ಕಾಲುವೆಯ ನೀರು ಮೊದಲು ಪಕ್ಕದ ಹುಸೇನಸಾಬನ ಗದ್ದೆಗೆ, ಆಮೇಲೆ ನನ್ನದಕ್ಕೆ. ನೀರು ತೂಬಿಗೆ ಬಂದರೆ ಅವನು ಒಂದು ಮಿಸ್ಡ್ ಕಾಲ್ ಕೊಡುತ್ತಾನೆ, ನನ್ನ ಪಾಳಿ ಬಂದರೆ ಎರಡು. ಎತ್ತಬಾರದು, ಎತ್ತಿದರೆ ನೇಮ ಕೆಟ್ಟಂತೆ. ಹೀಗೆ ಹನ್ನೆರಡು ವರ್ಷ ಫೋನಿನಲ್ಲಿ ಒಂದು ಮಾತೂ ಆಡದೆ ನೀರು ಹರಿದಿದೆ.

ಈ ಸಲ ಭತ್ತದ ಸಸಿಮಡಿ ಹಾಕಿ ಕಾಯುತ್ತಿದ್ದೆ. ಕಾಲುವೆಗೆ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂತು, ಮಿಸ್ಡ್ ಕಾಲ್ ಬರಲಿಲ್ಲ. ಎರಡು ದಿನ ಕಳೆಯಿತು. ಸಸಿ ಒಣಗಿದರೆ ಈ ಹಂಗಾಮಿಗೆ ನಾಟಿಯೇ ಇಲ್ಲ. ನನ್ನ ಪಾಳಿಯನ್ನು ಅವನೇ ನುಂಗಿರಬೇಕು! ನಾನೇ ಫೋನು ಮಾಡಿ ಕೇಳಬಹುದಿತ್ತು. ಆದರೆ ಕಳ್ಳನಿಗೆ ಮುನ್ಸೂಚನೆ ಕೊಡುವುದುಂಟೇ? ಮೂರನೆಯ ದಿನ ಮುಂಜಾನೆ ಗಂಗಾವತಿಯಿಂದ ಬಸ್ಸು ಹತ್ತಿ, ಜಗಳದ ಮಾತುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ.

ಹುಸೇನಸಾಬ ಕೆಸರಿನಲ್ಲಿ ನಿಂತು ನನ್ನ ಗದ್ದೆಯ ಬದು ಕಟ್ಟುತ್ತಿದ್ದ. ಮಡಿಯ ತುಂಬ ನೀರು, ಸಸಿಗಳು ಹಚ್ಚಗೆ ನಿಂತಿದ್ದವು.

“ಎರಡು ದಿನದಿಂದ ಮಿಸ್ಡ್ ಕಾಲ್ ಹೊಡ್ಯಾಕತ್ತೀನ್ರಿ ಮಾಸ್ತರ, ನಿಮ್ಮ ಫೋನ್ ಒಮ್ಮೆನೂ ಬಡಕೊಳ್ಳಿಲ್ಲೇನು?” ಎನ್ನುತ್ತ ಕೈ ಒರೆಸಿಕೊಂಡು ನನ್ನ ಫೋನು ಇಸಿದುಕೊಂಡು ಅಲ್ಲಿ ಇಲ್ಲಿ ಒತ್ತಿದ. ಸಾಲಾಗಿ ಅವನದೇ ನಂಬರು, ಪ್ರತಿಯೊಂದರ ಪಕ್ಕದಲ್ಲೂ ‘ಅನುಮಾನಾಸ್ಪದ ಕರೆ’. ಹೆಸರಿಲ್ಲದ ನಂಬರು, ಒಂದೇ ರಿಂಗು, ಮಾತಿಲ್ಲದೆ ಕಡಿತ. ಇವನು ಯಾರೋ ಮೋಸಗಾರನೆಂದು ತಿಳಿದು, ನನಗೆ ಸದ್ದೂ ಕೇಳಿಸದಂತೆ ಫೋನು ಅವನನ್ನು ತಡೆದು ನಿಲ್ಲಿಸಿತ್ತು. ನನಗೆ ತಕ್ಕ ಫೋನೇ ಸಿಕ್ಕಿತ್ತು.

“ನೀವು ಬರಲಿಲ್ಲ ನೋಡ್ರಿ, ಮೈಯಾಗ ಆರಾಮ ಇಲ್ಲೇನೋ ಅಂತ ಅನುಮಾನ ಬಂತು. ನೀರು ನಾನ ಬಿಟ್ಟೇನಿ. ಸಂಜಿಗೆ ನಿಮ್ಮ ಮನಿಗೆ ಬರಾಂವ ಇದ್ದೆ,” ಎಂದ.

ಅನುಮಾನದಲ್ಲಿ ಇಂಥದೂ ಒಂದು ಉಂಟೆಂದು ನನಗೆ ಗೊತ್ತಿರಲಿಲ್ಲ. ಗಿರಾಕಿ ನಮ್ಮನ್ನು ಬಿಟ್ಟು ಎಲ್ಲಿಗೆ ಹೋದಾನು ಎಂದುಕೊಂಡು, ಸಂಶಯವನ್ನೇ ಪಡದೆ ಬಟನ್ ಫೋನಿನ ಆ ಕಂಪನಿ ಮುಳುಗಿತಂತೆ; ನಾನು ಸಂಶಯಪಟ್ಟೇ ಮುಳುಗುತ್ತಿದ್ದೆ. ಬಹಳ ನಾಚಿಕೆಯಾಯಿತು. ಬದುವಿನ ಮೇಲೆ ಕೂತು ಹೊಸ ಫೋನಿಗೆ ಮೊದಲ ಹೆಸರು ತುಂಬಿದೆ: ಹುಸೇನಸಾಬ.

“ಮತ್ತ ಕಾಲ್ ಮುಟ್ಟಿಲ್ಲಂದ್ರ, ಇಷ್ಟು ಮುಂಜಾನೆ ಯಾಕ ಬಂದ್ರಿ?” ಎಂದು ಅವನು ಕೇಳಿದ.

“ಸುಮ್ಮನ, ನಿನ್ನ ನೋಡಿ ಹೋಗೋಣಂತ,” ಎಂದೆ.

ಪುಣ್ಯಾತ್ಮ, ನಂಬಿಬಿಟ್ಟ.